ಎಲ್ಲರದೂ ಆದ ಮೇಲೆ ನನ್ನ ಸರದಿ

ಎದೆಯ ಕಾಯಿಲೆಯವರನ್ನು ಕಂಡರೆ ಈಗಲೂ ಜನ ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತಾರೆ. ಹಾಗೆ ಒತ್ತಿಕೊಂಡ ಸೆರಗುಗಳನ್ನು ಎದುರಿನಿಂದ ನೋಡಿದವಳು ನಾನು. ಯಾವುದೋ ಮನೆಯ ಹಿತ್ತಲ ಕೋಣೆಯಲ್ಲಿ ಬೇರೆ ತಟ್ಟೆ, ಬೇರೆ ಲೋಟ ಇಟ್ಟುಕೊಂಡು, ಕೆಮ್ಮು ಬಂದರೆ ದಿಂಬನ್ನು ಬಾಯಿಗೆ ಅದುಮಿಕೊಂಡು ಮಲಗಿರುವ ಯಾರಾದರೂ ಒಬ್ಬರು ಇದನ್ನು ಓದಿದರೆ ನನಗೆ ಸಾಕು. ಡಾಕ್ಟರು ಹೇಳುವ ಮಾತನ್ನು ನಾನು ಹೇಳುವುದಿಲ್ಲ, ಅದಕ್ಕೆ ಡಾಕ್ಟರಿದ್ದಾರೆ. ಉಪದೇಶವನ್ನೂ ಮಾಡುವುದಿಲ್ಲ. ನಮ್ಮಪ್ಪ ಚರ್ಚಿನ ಸಭೆಯಲ್ಲಿ ಉಪದೇಶಿಯಾಗಿದ್ದವರು. ನಮ್ಮ ಮನೆಯ ಪಾಲಿಗೆ ಬರಬೇಕಾದ ಉಪದೇಶವನ್ನೆಲ್ಲ ಅವರೇ ಮಾಡಿ ಮುಗಿಸಿ ಹೋಗಿದ್ದಾರೆ.

ನಮ್ಮದು ಚಾಮರಾಜಪೇಟೆ. ಯುದ್ಧ ಮುಗಿದಿದ್ದರೂ ಅಕ್ಕಿಗೆ ಇನ್ನೂ ರೇಷನ್ ಇದ್ದ ಕಾಲ. ಅಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಅಮ್ಮ, ಅಣ್ಣ ಜಯಕರ, ಅತ್ತಿಗೆ ಕಮಲ, ಅವರ ಪುಟ್ಟ ಮಗಳು ಲಿಲ್ಲಿ, ಮತ್ತು ನಾನು. ನನ್ನ ಹೆಸರು ಸುಗುಣ. ಹತ್ತಿರದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದೆ. ಭಾನುವಾರ ಚರ್ಚಿನಲ್ಲಿ ಹೆಂಗಸರ ಕಡೆಯ ಮೊದಲನೆಯ ಬೆಂಚು ನಮ್ಮದು. ಬೆಂಚಿನ ಮೇಲೆ ಹೆಸರೇನೂ ಬರೆದಿರಲಿಲ್ಲ, ಆದರೂ ನಮ್ಮದೇ. ಉಪದೇಶಿಗಳ ಹೆಂಡತಿ ಎಂದು ಅಮ್ಮ ಅಂಚಿನಲ್ಲಿ ಕೂರುವುದು, ಪಕ್ಕದಲ್ಲಿ ನಾನು. ಹಾಡುವುದರಲ್ಲಿ ನನ್ನ ಗಂಟಲು ಗಟ್ಟಿ. ಗಟ್ಟಿ ಗಂಟಲಿನವರಿಗೆ ಇರುವಷ್ಟು ಜಂಬವೂ ಇತ್ತು ಅನ್ನಿ.

ಓದುವವರಲ್ಲಿ ನಮ್ಮ ಮತಕ್ಕೆ ಸೇರದವರೂ ಇರುತ್ತಾರೆ, ಅವರಿಗಾಗಿ ನಮ್ಮ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ತಿಂಗಳ ಮೊದಲನೆಯ ಭಾನುವಾರ ನಮ್ಮಲ್ಲಿ ಕರ್ತನ ಭೋಜನ ನಡೆಯುತ್ತದೆ. ಯೇಸುಸ್ವಾಮಿ ಕಡೆಯ ಸಲ ತನ್ನ ಶಿಷ್ಯರ ಜೊತೆ ಊಟಕ್ಕೆ ಕೂತದ್ದರ ನೆನಪಿಗೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ನಮ್ಮಂಥ ಬಡ ಸಭೆಯಲ್ಲಿ ದ್ರಾಕ್ಷಾರಸವೆಂದರೆ ಶನಿವಾರ ಅಮ್ಮ ಒಣದ್ರಾಕ್ಷಿಯನ್ನು ಕುದಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿದ ನೀರು. ಮೊದಲು ಗಂಡಸರು, ಆಮೇಲೆ ಹೆಂಗಸರು ಸಾಲುಸಾಲಾಗಿ ಹೋಗಿ ಮುಂದಿನ ಮರದ ಕಟಕಟೆಗೆ ಮೊಣಕಾಲೂರುತ್ತಾರೆ. ಬಟ್ಟಲು ಒಂದೇ. ಸಭಾಪಾಲಕರು, ಎಂದರೆ ಪಾದ್ರಿಗಳು, ಅದನ್ನು ಒಬ್ಬೊಬ್ಬರ ತುಟಿಗೂ ಹಿಡಿದು, ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿ, ಮುಂದಿನವರಿಗೆ ಹಿಡಿಯುತ್ತಾರೆ. ಉಳಿದದ್ದನ್ನು ಚೆಲ್ಲುವ ಹಾಗಿಲ್ಲ, ಅವರೇ ಕುಡಿದು ಮುಗಿಸಬೇಕು. ಎಂಜಲೆಂದರೆ ಬೆಚ್ಚಿಬೀಳುವ ಊರಿನಲ್ಲಿ ಇದು ದೊಡ್ಡ ವಿಷಯವೇ. ಆದರೆ ಹುಟ್ಟಿದಾಗಿನಿಂದ ಕಂಡದ್ದರಿಂದ ನಮಗೆ ಹಾಗೆ ಅನ್ನಿಸುತ್ತಿರಲಿಲ್ಲ.

ಕಾಯಿಲೆ ನನಗೆ ಹಾಡುವಾಗಲೇ ಕಾಣಿಸಿಕೊಂಡಿತು. ಕ್ರಿಸ್ಮಸ್ ಹಾಡುಗಳ ಅಭ್ಯಾಸ ನಡೆಯುತ್ತಿತ್ತು. ಮೇಲಿನ ಸ್ವರಕ್ಕೆ ಏರಿಸುತ್ತಿದ್ದಂತೆ ಕೆಮ್ಮು ಬಂತು, ಕರ್ಚೀಫು ಬಾಯಿಗೆ ಹಿಡಿದೆ. ತೆಗೆದು ನೋಡಿದರೆ ಕೆಂಪು. ನಾಲಿಗೆ ಕಚ್ಚಿಕೊಂಡೆ ಅಂದುಕೊಂಡು ಕರ್ಚೀಫನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿ ಮುಂದಿನ ಚರಣ ಹಾಡಿದೆ. ಮನೆಗೆ ಬಂದು ಕನ್ನಡಿಯಲ್ಲಿ ನಾಲಿಗೆಯನ್ನು ಹೊರಳಿಸಿ ಹೊರಳಿಸಿ ನೋಡಿದೆ. ಒಂದು ಗಾಯವೂ ಇರಲಿಲ್ಲ.

ಅಣ್ಣ ಬಸವನಗುಡಿಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಹೊರಗಿನ ಜಗಲಿಯ ಬೆಂಚಿನಲ್ಲಿ ಜನ ತುಂಬಿದ್ದರು. ಯಾರಾದರೂ ಕೆಮ್ಮಿದರೆ ಉಳಿದವರೆಲ್ಲ ಅವರ ಕಡೆ ಒಂದು ಸಲ ನೋಡಿ, ಮತ್ತೆ ಎದುರಿನ ಗೋಡೆ ನೋಡುವುದು. ನನಗೂ ಗಂಟಲು ಕೆರೆಯುತ್ತಿತ್ತು. ಅಷ್ಟು ಹೊತ್ತೂ ತಡೆದುಕೊಂಡೆ. ಎದೆಯ ಫೋಟೋ ತೆಗೆಸಿಕೊಂಡು ಮತ್ತೆ ಅದೇ ಬೆಂಚಿಗೆ ಬಂದ ದಿನ, ಡಾಕ್ಟರು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಎಡಗಡೆ ಮಾತ್ರ ಇದೆ, ಬಲಗಡೆ ಚೆನ್ನಾಗಿದೆ" ಎಂದರು. ಬಹುಮಾನ ಬಂದಿದೆ ಅನ್ನುವ ಹಾಗಿತ್ತು ಅವರ ದನಿ. ಕ್ಷಯ ಅನ್ನುವ ಮಾತನ್ನು ಅವರೂ ಆಡಲಿಲ್ಲ, ಅಣ್ಣನೂ ಕೇಳಲಿಲ್ಲ. ವಾಪಸ್ಸು ಬರುವಾಗ ಜಟಕಾದಲ್ಲಿ ಅಣ್ಣ ಗಾಡಿಯವನ ಪಕ್ಕ ಮುಂದೆ ಹೋಗಿ ಕೂತ. ಹಿಂದೆ ನಾನೊಬ್ಬಳೇ ಕೂತೆ.

ಅಮ್ಮ ಒಲೆಯ ಮುಂದಿನಿಂದ ಏಳಲೇ ಇಲ್ಲ. ಅಣ್ಣ ಹೇಳಿದ್ದನ್ನು ಬೆನ್ನು ತಿರುಗಿಸಿಕೊಂಡೇ ಕೇಳಿಸಿಕೊಂಡಳು. ಆಮೇಲೆ ಅಂದಳು:

"ಟೈಫಾಯಿಡ್ ಅಂತ ಹೇಳೋಣ. ಯಾರೇ ಕೇಳಿದ್ರೂ ಟೈಫಾಯಿಡ್. ಗೊತ್ತಾಯ್ತಾ?"

ಅಮ್ಮನ ಹೆದರಿಕೆಗೆ ಕಾರಣವಿತ್ತು. ಅವಳ ತಂಗಿ ಇದೇ ಕಾಯಿಲೆಯಲ್ಲಿ ಹೋದವಳು. ಆ ತಂಗಿ ಕುಡಿದಿಟ್ಟ ಲೋಟದಲ್ಲೇ ಅವಳ ಮಗು ಹಾಲು ಕುಡಿಯುತ್ತಿತ್ತಂತೆ. ಅದೂ ಉಳಿಯಲಿಲ್ಲ. ಈ ಕಥೆಯನ್ನು ಅಮ್ಮ ನಮಗೆ ಎಂದೂ ಪೂರ್ತಿಯಾಗಿ ಹೇಳಿದವಳಲ್ಲ. ಆ ಸಂಜೆ ಮಾತ್ರ ಹಿತ್ತಲ ಕೋಣೆಯನ್ನು ಗುಡಿಸಿ, ಒಂದು ಅಲ್ಯೂಮಿನಿಯಂ ತಟ್ಟೆ, ಒಂದು ಲೋಟ ತಂದಿಟ್ಟು, "ಮನೇಲಿ ಮಗು ಇದೆ ಕಣೇ, ಸುಗುಣ" ಎಂದಳು. ನಾನು ತಲೆಯಾಡಿಸಿದೆ.

ಟೈಫಾಯಿಡ್ ಎಂದು ಸುಳ್ಳು ಹೇಳಿದ್ದಕ್ಕೆ ಮೊದಮೊದಲು ಬಹಳ ಜನ ಬಂದರು. ಕಿತ್ತಳೆ ಹಣ್ಣು, ಬ್ರೆಡ್ಡು, ಪ್ರಾರ್ಥನೆ. ಆಮೇಲೆ ಯಾರಿಗೋ ವಾಸನೆ ಹತ್ತಿತು. ಮುಂಬಾಗಿಲಲ್ಲೇ ಹಣ್ಣು ಕೊಟ್ಟು ಹೋಗತೊಡಗಿದರು. ಆಮೇಲೆ ಹಣ್ಣೂ ನಿಂತಿತು. ನಮ್ಮ ಚರ್ಚಿನಲ್ಲಿ ಕಾಯಿಲೆಯವರ ಹೆಸರು ಹೇಳಿ ಪ್ರಾರ್ಥಿಸುವುದು ವಾಡಿಕೆ. ಅಮ್ಮ ಸಭಾಪಾಲಕರ ಮನೆಗೆ ಹೋಗಿ ನನ್ನ ಹೆಸರು ಹೇಳಬೇಡಿ ಎಂದು ಕೇಳಿಕೊಂಡು ಬಂದಳು. ಅವರನ್ನು ನಾವೆಲ್ಲ ಅಯ್ಯನವರು ಎಂದೇ ಕರೆಯುವುದು. ಉಬ್ಬಸದ ಮುದುಕರು, ಮೃದು ಮನಸ್ಸಿನವರು. ಒಪ್ಪಿಕೊಂಡರು. ಹಾಗಾಗಿ ಆ ಭಾನುವಾರದಿಂದ ಸಭೆ "ಅಸ್ವಸ್ಥಳಾದ ಒಬ್ಬ ಸಹೋದರಿ"ಗಾಗಿ ಪ್ರಾರ್ಥಿಸಿತು. ಹಿತ್ತಲ ಕೋಣೆಯಲ್ಲಿ ಮಲಗಿ ಚರ್ಚಿನ ಗಂಟೆ ಕೇಳಿಸಿಕೊಳ್ಳುವಾಗ ನನಗೆ ಇದೊಂದೇ ಯೋಚನೆ. ದೇವರಿಗಾದರೂ ಗೊತ್ತಾಗುತ್ತದೋ ಇಲ್ಲವೋ, ಒಬ್ಬ ಸಹೋದರಿ ಅಂದರೆ ನಾನೇ ಅಂತ?

ಲಿಲ್ಲಿ ದಿನವೂ ಹೊಸಿಲಿನವರೆಗೆ ಬರುತ್ತಿದ್ದಳು. ಹೊಸಿಲು ದಾಟಬಾರದೆಂದು ಅವಳಮ್ಮನ ಕಟ್ಟಪ್ಪಣೆ. ಒಂದು ಮಧ್ಯಾಹ್ನ ಆಚೆ ಕಡೆ ಕೂತು ಬಟ್ಟೆಯ ಗೊಂಬೆಯನ್ನು ಗೋಡೆಗೆ ಒರಗಿಸಿ, ಅದರ ಮುಂದೆ ಒಂದು ಸಣ್ಣ ಮುಚ್ಚಳ ಇಟ್ಟು, "ನಿನ್ ಲೋಟ ಇದು. ಅಲ್ಲೇ ಇರು. ಈ ಕಡೆ ಬಂದ್ರೆ ನೋಡು ಮತ್ತೆ!" ಎಂದು ಬೆರಳು ತೋರಿಸಿ ಗದರಿದಳು.

"ಏನಾಗಿದೆಯೇ ಅವಳಿಗೆ?" ಎಂದೆ.

"ಅವಳು ಅತ್ತೆ," ಎಂದಳು.

ನಗಬೇಕೆಂದು ಹೊರಟೆ, ಆಗಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದೆ.

ಆಗ ದೇವರ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ದೇವರು ದೊಡ್ಡವನು, ಮಹಾ ದೊಡ್ಡವನು ಎಂದು ಚಿಕ್ಕಂದಿನಿಂದ ಗಂಟಲು ಹರಿಯುವ ಹಾಗೆ ಹಾಡಿದವಳು ನಾನು. ದೊಡ್ಡವರೆಂದರೆ ನಮ್ಮ ಊರಿನವರಿಗೆ ಚೆನ್ನಾಗಿ ಗೊತ್ತು. ಮಹಾರಾಜರ ಸವಾರಿ ಬಂದರೆ ನಾವು ರಸ್ತೆಯ ಪಕ್ಕಕ್ಕೆ ಸರಿದು ಕೈಮುಗಿದು ನಿಲ್ಲುತ್ತೇವೆ, ಸವಾರಿ ಹೊರಟುಹೋಗುತ್ತದೆ. ಅಷ್ಟು ದೊಡ್ಡವನು ಚಾಮರಾಜಪೇಟೆಯ ಈ ಹಿತ್ತಲ ಕೋಣೆಗೆ, ಸೌದೆ ಗೂಡಿನ ಪಕ್ಕಕ್ಕೆ, ಯಾಕೆ ಬಂದಾನು? ಹೋಗಲಿ ಬಿಡು ಮಹಾರಾಯ, ನಿನ್ನ ಕೆಲಸ ನೀನು ನೋಡಿಕೋ ಎಂದು ಒಂದು ದಿನ ಬಾಯಿಬಿಟ್ಟೇ ಹೇಳಿದೆ. ಆಮೇಲೆ ಬಹಳ ಕಾಲ ನಾನು ಪ್ರಾರ್ಥಿಸಲಿಲ್ಲ.

ಬೇಸಿಗೆ ಹೊತ್ತಿಗೆ ಊರಾಚೆಯ ಕ್ಷಯದ ಆಸ್ಪತ್ರೆಯಲ್ಲಿ ಮಂಚ ಸಿಕ್ಕಿತು. ಉದ್ದನೆಯ ವರಾಂಡದಲ್ಲಿ ಸಾಲಾಗಿ ಮಂಚಗಳು. ಮಾತಾಡಬಾರದು, ನಗಬಾರದು, ಏಳಬಾರದು. ಹಾಡುವ ಮಾತಂತೂ ಇಲ್ಲವೇ ಇಲ್ಲ. ಆಗಾಗ ಪಕ್ಕೆಗೆ ಸೂಜಿ ಚುಚ್ಚಿ ಗಾಳಿ ತುಂಬುತ್ತಿದ್ದರು, ಕೆಟ್ಟ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡುವುದಕ್ಕಂತೆ. ಸೂಜಿಗಿಂತ ಅದಕ್ಕೆ ಮುಂಚಿನ ಕಾಯುವಿಕೆಯೇ ಕಷ್ಟ. ಬಿಳಿ ಪರದೆಯ ಆಚೆ ಯಾರೋ ನರಳುವುದು ಕೇಳಿಸುತ್ತಿರುತ್ತದೆ, ಈಚೆ ನಮ್ಮ ಸರದಿಗೆ ನಾವು ರವಿಕೆಯ ಗುಂಡಿ ಬಿಚ್ಚಿಕೊಂಡು ಕೂತಿರಬೇಕು.

ನನ್ನ ಪಕ್ಕದ ಮಂಚದಲ್ಲಿ ಪಾರ್ವತಮ್ಮ ಎನ್ನುವವರಿದ್ದರು. ಪೇಟೆಯಲ್ಲಿ ಜವಳಿ ವ್ಯಾಪಾರ ಮಾಡುವ ಲಿಂಗವಂತರ ಮನೆಯ ಸೊಸೆ. ದಿನಾ ಬೆಳಿಗ್ಗೆ ಕೊರಳಿನ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ನೀರೆರೆದು ಪೂಜೆ ಮಾಡುವರು. ಎದ್ದು ಕೂರಲಾಗದ ದಿನವೂ ಮಲಗಿಕೊಂಡೇ ಅಂಗೈಯನ್ನು ಮುಖದ ಹತ್ತಿರ ತಂದುಕೊಂಡು ನೋಡುವರು. ನನಗೆ ಅದನ್ನು ಕಂಡರೆ ಹೊಟ್ಟೆಕಿಚ್ಚು. ಒಂದು ದಿನ ಕೇಳಿಯೇಬಿಟ್ಟೆ:

"ಅಷ್ಟು ಹತ್ತಿರ ಇಟ್ಕೊಂಡು ನೋಡ್ತೀರಲ್ಲ, ಏನಾದ್ರೂ ಹೇಳ್ತಾನಾ?"

"ಹೇಳೋದೇನೂ ಇಲ್ರೀ," ಎಂದರು. "ಇದಾನಲ್ಲ, ಅಷ್ಟೇ. ನಿಮ್ಮೋರು ಎಲ್ಲಿರ್ತಾರೆ?"

"ಮೇಲೆ," ಎಂದೆ.

ಪಾರ್ವತಮ್ಮ ವರಾಂಡದ ಹೆಂಚನ್ನು ನೋಡಿ ನಕ್ಕರು. ನಕ್ಕಿದ್ದಕ್ಕೆ ನರ್ಸಮ್ಮ ಇಬ್ಬರನ್ನೂ ಬೈದರು.

ನೋಡಲು ಬರುವವರಿಗೆ ಭಾನುವಾರ ಮಧ್ಯಾಹ್ನ ಬಿಡುತ್ತಿದ್ದರು. ಕಲಾಸಿಪಾಳ್ಯದಿಂದ ಬಸ್ಸು ಬರುವ ಹೊತ್ತಿಗೆ ವಾರ್ಡಿನವರೆಲ್ಲ ತಲೆ ಬಾಚಿಕೊಂಡು ಕಾಯುವುದು. ಅಣ್ಣ ಮೊದಮೊದಲು ಬಂದ. ಅಮ್ಮ ಬಂದಾಗ ಮಂಚದಿಂದ ದೂರ ನಿಂತು, ಸೆರಗಿನ ಮರೆಯಿಂದ "ಊಟ ಸೇರತ್ತಾ? ನಿದ್ದೆ ಬರತ್ತಾ?" ಎಂದು ಕೇಳಿ, ಅತ್ತು ಹೋಗುತ್ತಿದ್ದಳು. ಬರಬರುತ್ತಾ ಅದೂ ಅಪರೂಪವಾಯಿತು. ಬಸ್ಸು ಬಂದು ನಿಂತು, ಬೇರೆಯವರ ಜನ ಬಂದು, ಬಸ್ಸು ತಿರುಗಿ ಹೋಗುವ ಸದ್ದನ್ನು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದೆ. ಯಾರೂ ಬಾರದಿದ್ದರೆ ನಿದ್ದೆ ಬಂದವಳ ಹಾಗೆ ನಟಿಸುವುದು ಆ ವಾರ್ಡಿನವರಿಗೆಲ್ಲ ಗೊತ್ತಿದ್ದ ವಿದ್ಯೆ.

ಅಂಥ ಒಂದು ಭಾನುವಾರ ನಾನು ಹಾಗೆ ನಟಿಸುತ್ತಿದ್ದಾಗ ಸಂತೋಷಮ್ಮ ಬಂದಳು. ಮಾವಳ್ಳಿ ಕಡೆಯವಳು, ಕಲಾಸಿಪಾಳ್ಯದಲ್ಲಿ ಸೊಪ್ಪು ಕೊಂಡು ಬುಟ್ಟಿ ಹೊತ್ತು ಬೀದಿ ಬೀದಿ ಮಾರುವ ಮುದುಕಿ. ನಮ್ಮ ಚರ್ಚಿನವಳೇ. ಬೆಂಚುಗಳೆಲ್ಲ ಮುಗಿದ ಮೇಲೆ ಹಿಂದುಗಡೆ ಒಂದು ಚಾಪೆ ಹಾಸಿರುತ್ತಿತ್ತು, ಅಲ್ಲಿ ಕೂರುವವಳು. ಹೆಸರಿಗೆ ಸಂತೋಷ, ಮುಖ ಮಾತ್ರ ಯಾವಾಗಲೂ ಗಂಟು. ಅವಳ ಜೊತೆ ನಾನು ಅದುವರೆಗೆ "ಒಂದು ಕಟ್ಟು ಮೆಂತ್ಯ ಕೊಡು" ಅನ್ನುವುದನ್ನು ಬಿಟ್ಟು ಬೇರೆ ಮಾತಾಡಿದ ನೆನಪಿಲ್ಲ. ಬಂದವಳು ಮೂಗು ಮುಚ್ಚಿಕೊಳ್ಳಲಿಲ್ಲ. ಮಡಿಲಿನಿಂದ ಎರಡು ಸೀಬೆಹಣ್ಣು ತೆಗೆದು ಮಂಚದ ಮೇಲಿಟ್ಟು, ಸ್ಟೂಲನ್ನು ಬಿಟ್ಟು ನೆಲದ ಮೇಲೆ ಕೂತಳು.

"ಯಾಕೆ ಬಂದ್ರಿ ಇಷ್ಟು ದೂರ?" ಎಂದೆ.

"ಚರ್ಚಲ್ಲಿ ಒಬ್ಬ ಸಹೋದರಿ, ಒಬ್ಬ ಸಹೋದರಿ ಅಂತಾರಲ್ಲ, ಯಾರು ಅಂತ ಕೇಳ್ದೆ. ಉಪದೇಶಿ ಮಗಳು ಅಂದ್ರು. ಬಂದೆ."

ಅಷ್ಟೇ ಮಾತು. ಹೊರಡುವಾಗ ಪ್ರಾರ್ಥನೆ ಮಾಡ್ತೀನಿ ಅಂದಳು. ನಾನು ಅಭ್ಯಾಸಬಲದಿಂದ ಕಣ್ಣು ಮುಚ್ಚಿದೆ. ಅವಳು ಮುಚ್ಚಲಿಲ್ಲ ಎಂದು ಆಮೇಲೆ ಪಾರ್ವತಮ್ಮ ಹೇಳಿದರು. ಖಾಲಿ ಸ್ಟೂಲಿನ ಕಡೆ ತಿರುಗಿ ಮಾತಾಡಿದಳಂತೆ.

"ಯೇಸಪ್ಪಾ, ನೋಡ್ದಾ ಈ ಮಗೀನ? ಹೆಂಗೆ ಬಡವಾಗೋಗದೆ. ನಂಗೆ ಬಸ್ಸಿಗೆ ಹೊತ್ತಾಯ್ತು, ನಾನ್ ಹೋಯ್ತೀನಿ. ನೀನ್ ಇಲ್ಲೇ ಇರು. ಇವ್ಳು ಮಲಗೋಗಂಟ ಎದ್ದೋಗ್ಬೇಡ."

ಎದ್ದು, ಮಂಡಿ ಹಿಡಿದುಕೊಂಡು ಹೋದಳು. ನನಗೆ ನಗು ಬಂತು. ಆಮೇಲೆ ನಗು ನಿಂತು ಸುಮ್ಮನೆ ಆ ಸ್ಟೂಲನ್ನು ನೋಡುತ್ತಾ ಮಲಗಿದೆ. ಅಲ್ಲಿ ಏನೂ ಕಾಣಲಿಲ್ಲ, ಯಾವ ದನಿಯೂ ಕೇಳಲಿಲ್ಲ. ಆದರೆ ನರ್ಸಮ್ಮ ಬಂದು ಸ್ಟೂಲನ್ನು ಬೇರೆ ಮಂಚಕ್ಕೆ ಎತ್ತಿಕೊಂಡು ಹೋಗಲು ಕೈ ಹಾಕಿದಾಗ, "ಇರ್ಲಿ ಸಿಸ್ಟರ್, ಈಗ್ಲೇ ಬೇಡ" ಎಂದೆ. ಯಾಕೆ ಹಾಗಂದೆನೋ ನನಗೇ ತಿಳಿಯಲಿಲ್ಲ.

ಸಂತೋಷಮ್ಮ ಆಮೇಲೂ ಬರುತ್ತಿದ್ದಳು, ಯಾವಾಗ ಎಂದು ಹೇಳದೆ. ಪಾರ್ವತಮ್ಮ ಮಳೆಗಾಲದಲ್ಲಿ ತೀರಿಹೋದರು. ಅಂದು ಬೆಳಿಗ್ಗೆ ನಾನು ಎದ್ದಾಗ ಅವರ ಮನೆಯವರು ಬಂದು ಕರೆದುಕೊಂಡು ಹೋಗಿ ಆಗಿತ್ತು. ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದರು. ಹತ್ತಿರದ ಮಂಚದಲ್ಲಿ ಅಷ್ಟು ತಿಂಗಳು ಜೊತೆಗಿದ್ದವರಿಗೆ ನಾನು ಒಂದು ಮಾತೂ ಹೇಳಲಾಗಲಿಲ್ಲ. ಆ ದಿನದ ಒಂಟಿತನ ಈಗ ನೆನೆದರೂ ಎದೆ ಹಿಂಡುತ್ತದೆ. ದೇವರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ ಎಂದು ದೇವರನ್ನು ಕರೆದೆ. ಭಕ್ತಿಯಿಂದ ಕರೆದೆ ಎಂದರೆ ಸುಳ್ಳಾಗುತ್ತದೆ.

ಹೊಸ ಇಂಜೆಕ್ಷನ್ ಬಂದಿತ್ತು, ನನಗೂ ಕೊಟ್ಟರು. ದಪ್ಪಗಾದೆ. ಕಡೆಗೊಂದು ದಿನ ದೊಡ್ಡ ಡಾಕ್ಟರು ಅಮ್ಮನನ್ನೂ ಅಣ್ಣನನ್ನೂ ಕರೆಸಿ, "ಕಫದಲ್ಲಿ ಏನೂ ಇಲ್ಲ. ಎಷ್ಟೋ ಸಲ ನೋಡಿದೀವಿ. ಮನೇಲಿ ಎಲ್ಲರ ಜೊತೆ ಕೂತು ಊಟ ಮಾಡಬಹುದು, ಏನೂ ಭಯವಿಲ್ಲ" ಎಂದು ಬಿಡಿಸಿ ಹೇಳಿದರು. ಅಮ್ಮ ಹೂಂಗುಟ್ಟಿದಳು. ಮನೆಗೆ ಬಂದು ನೋಡಿದರೆ ಹಿತ್ತಲ ಕೋಣೆ ಗುಡಿಸಿತ್ತು, ಅದೇ ತಟ್ಟೆ ಅದೇ ಲೋಟ ಗೋಡೆಯ ಪಕ್ಕ ತೊಳೆದು ಬೋರಲು ಹಾಕಿತ್ತು. ಲಿಲ್ಲಿ ಎತ್ತರವಾಗಿದ್ದಳು. ನನ್ನನ್ನು ನೋಡಿ ಅಮ್ಮನ ಹಿಂದೆ ಅಡಗಿಕೊಂಡಳು.

ವಾಸಿಯಾದ ಮೇಲಿನ ಒಂಟಿತನವನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕಾಯಿಲೆಯಲ್ಲಿ ಮಲಗಿದ್ದಾಗ, ಎದ್ದರೆ ಸಾಕು ಎಲ್ಲ ಸರಿಹೋಗುತ್ತದೆ ಅನ್ನಿಸುತ್ತಿರುತ್ತದೆ. ಎದ್ದ ಮೇಲೆ ಶಾಲೆಯವರು ಇನ್ನೂ ಸ್ವಲ್ಪ ದಿನ ವಿಶ್ರಾಂತಿ ತೊಗೊಳ್ಳಿ ಎಂದರು. ಆ ಸ್ವಲ್ಪ ದಿನ ಇವತ್ತಿನವರೆಗೂ ಮುಗಿದಿಲ್ಲ. ನನ್ನನ್ನು ಕೇಳಿಕೊಂಡು ಬಂದಿದ್ದ ತುಮಕೂರಿನ ಸಂಬಂಧದವರು ಬೇರೆ ಕಡೆ ಹೆಣ್ಣು ತಂದಿದ್ದರು. ಚರ್ಚಿನಲ್ಲಿ ನಮ್ಮ ಬೆಂಚಿನಲ್ಲಿ ಕೂತರೆ ಪಕ್ಕದವರು ನಗುನಗುತ್ತಾ ಜಾಗ ಬಿಡುವರು, ಮೂರು ಜನ ಕೂರುವಷ್ಟು ಜಾಗ. ಹಾಡಲು ಬಾಯಿ ತೆಗೆದರೆ ಮುಂದೆ ನಿಂತವರ ಹೆಗಲು ಬಿಗಿಯಾಗುವುದು ನನಗೆ ಕಾಣುತ್ತಿತ್ತು. ತುಟಿ ಮಾತ್ರ ಅಲ್ಲಾಡಿಸುತ್ತಿದ್ದೆ.

ಮೊದಲನೆಯ ಭಾನುವಾರ ಬಂದಾಗ ನಮ್ಮ ಬೆಂಚಿನವರೆಲ್ಲ ಬಟ್ಟಲಿಗೆ ಎದ್ದು ಹೋದರು. ನಾನು ಏಳಲಿಲ್ಲ. ನಾನು ಬಾಯಿಟ್ಟ ಬಟ್ಟಲಿಗೆ ನನ್ನ ಹಿಂದಿನವರು ಬಾಯಿಡಬೇಕಲ್ಲ, ಅವರ ಮುಖ ನೋಡುವ ಧೈರ್ಯ ಇರಲಿಲ್ಲ. ಮುಂದಿನ ತಿಂಗಳೂ ಏಳಲಿಲ್ಲ. ಅಮ್ಮ ಏನೂ ಕೇಳಲಿಲ್ಲ, ಅಯ್ಯನವರು ಮನೆಗೆ ಬಂದು ಕೇಳಿದರು.

"ಯಾಕಮ್ಮಾ ಸುಗುಣ, ಭೋಜನಕ್ಕೆ ಬರ್ತಾ ಇಲ್ಲ?"

"ನಂಗೆ ವಾಸಿಯಾಗಿದೆ ಅಂತ ಡಾಕ್ಟರು ಹೇಳಿರೋದು ನಮ್ಮ ಮನೆಯವರಿಗೆ, ಅಯ್ಯನವರೇ. ಇಡೀ ಸಭೆಗೆ ಹೇಳಿಲ್ಲ."

ಅವರು ಏನೋ ಹೇಳಹೊರಟು ಉಬ್ಬಸ ಬಂದು ನಿಲ್ಲಿಸಿದರು. ಆ ವಾರವೇ ಸಭೆಯ ಹಿರಿಯರೊಬ್ಬರ ಹೆಂಡತಿ ಬಂದರು. ಒಳ್ಳೆಯ ಹೆಂಗಸು. ಕರ್ಚೀಫಿನಲ್ಲಿ ಸುತ್ತಿದ್ದ ಒಂದು ಪುಟ್ಟ ಗಾಜಿನ ಲೋಟ ತೆಗೆದು, "ಇದು ನಿಂಗೆ ಅಂತಲೇ ಇರ್ಲಿ ಕಣಮ್ಮ. ಅಯ್ಯನವರು ಇದಕ್ಕೆ ಬಗ್ಗಿಸಿ ಕೊಡ್ತಾರೆ. ಯಾರಿಗೂ ಬೇಜಾರಿಲ್ಲ" ಎಂದರು. ಲೋಟ ಬಹಳ ಚೆನ್ನಾಗಿತ್ತು. ನಾನು ಅದನ್ನು ಮುಟ್ಟಲಿಲ್ಲ.

"ಬೇಡಿ ಆಂಟಿ. ಬೇರೆ ಲೋಟ ಮನೇಲೇ ಇದೆ," ಎಂದೆ.

ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ದೇವರ ಮನೆಯ ಊಟದಲ್ಲೂ ನನಗೆ ಬೇರೆ ಲೋಟವೇ ಆದರೆ ನಾನು ಎಲ್ಲಿಗೆ ಹೋಗಲಿ? ಈ ಒಂದು ಗುಟುಕನ್ನು ಬಿಟ್ಟರೆ ಜನರ ಜೊತೆ ಸೇರುವ ದಾರಿಯೇ ನನಗೆ ಉಳಿದಿರಲಿಲ್ಲ. ಯೋಚಿಸಿ ಯೋಚಿಸಿ ಒಂದು ಉಪಾಯ ಹೊಳೆಯಿತು. ಎಲ್ಲರದೂ ಆದ ಮೇಲೆ, ಕಟ್ಟಕಡೆಗೆ, ನಾನೊಬ್ಬಳೇ ಹೋಗುವುದು. ಆಗ ನನ್ನ ಹಿಂದೆ ಕುಡಿಯುವವರು ಯಾರೂ ಇರುವುದಿಲ್ಲ. ಉಬ್ಬಸದ ಅಯ್ಯನವರು ಉಳಿದದ್ದನ್ನು ಕುಡಿಯಬೇಕಲ್ಲ ಅನ್ನುವುದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ, ನೋಡಿ.

ಆ ಭಾನುವಾರ ಚರ್ಚಿಗೆ ಹೋದಾಗ ನಾನು ನಮ್ಮ ಬೆಂಚಿಗೆ ಹೋಗಲಿಲ್ಲ. "ಹಿಂದೆ ಕೂತ್ಕೋತೀನಿ" ಎಂದು ಅಮ್ಮನಿಗೆ ಹೇಳಿ, ಸೀದಾ ಹೋಗಿ ಚಾಪೆಯ ಮೇಲೆ ಸಂತೋಷಮ್ಮನ ಪಕ್ಕ ಕೂತೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಸ್ವಲ್ಪ ಸರಿದು ಕೂತಳು, ನನಗೆ ಬೇಕಾದಷ್ಟೇ ಜಾಗ ಬಿಟ್ಟು. ಭೋಜನ ಶುರುವಾಯಿತು. ಗಂಡಸರದಾಯಿತು. ಹೆಂಗಸರ ಸಾಲುಗಳು ಎದ್ದು ಹೋಗಿ ಬಂದು ಕೂತವು.  ಹಿಂದಿನಿಂದ ನೋಡಿದರೆ ಎಲ್ಲರ ತಲೆಯ ಮೇಲೂ ಸೆರಗು, ಯಾರು ಎದ್ದರು ಯಾರು ಬಿಟ್ಟರು ಗೊತ್ತಾಗುತ್ತಿರಲಿಲ್ಲ. ಕಡೆಗೆ ಬೆಂಚುಗಳೆಲ್ಲ ಮುಗಿದು, ಚಾಪೆಯವರು ಹೋಗಿ ಬಂದು, ಉಳಿದವರು ನಾವಿಬ್ಬರೇ. ನಾನು ಅವಳು ಏಳಲೆಂದು ಕಾದೆ. ಅವಳು ನಾನು ಏಳಲೆಂದು ಕಾಯುತ್ತಿದ್ದಳು.

"ಹೋಗವ್ವಾ," ಎಂದು ಪಿಸುಗುಟ್ಟಿದಳು.

"ನೀವು ಹೋಗಿ. ನಾನು ಆಮೇಲೆ ಹೋಗ್ತೀನಿ."

"ಅದೆಂಗಾಯ್ತದೆ? ಕಡೇಗೆ ಹೋಗೋಳು ನಾನು."

"ಇವತ್ತು ನಾನು ಹೋಗ್ತೀನಿ, ಸಂತೋಷಮ್ಮ."

"ಯಾವತ್ತೂ ನಾನೇ. ನಮ್ಮತ್ತೆ ಕಾಲ್ದಿಂದ ನಾವೇ. ನಮ್ಮತ್ತೆ ಮೊದಲ್ನೇ ಸಲ ಬಂದಾಗ ದೊಡ್ಡೋರು ಹೇಳಿದ್ರಂತೆ, ಎಲ್ಲಾರ್ದೂ ಆಗ್ಲಿ, ಆಮೇಲೆ ನೀನು ಬಾ ಅಂತ. ನಮ್ ಕೇರಿಯೋರು ಬಾಯಿಟ್ಟಿದ್ದಕ್ಕೆ ಅವ್ರು ಹೆಂಗೆ ಬಾಯಿಟ್ಟಾರು? ಈಗ ಯಾರೂ ಹಂಗನ್ನಲ್ಲ. ಆದ್ರೂ ಯಾಕೆ ಅವ್ರ ಮನಸ್ಸಿಗೆ ಕಷ್ಟ ಅಂತ ನಾನು ಕಡೇಗೇ ಹೋಯ್ತೀನಿ."

ಹುಟ್ಟಿದಾಗಿನಿಂದ ಮೊದಲ ಬೆಂಚಿನಲ್ಲಿ ಕೂತು ಹಿಂದಕ್ಕೆ ಒಂದು ಸಲವೂ ತಿರುಗಿ ನೋಡದವಳು ನಾನು.

"ನೀನ್ಯಾಕೆ ಕಡೇಗೆ?" ಎಂದಳು.

"ನಾನು ಬಾಯಿಟ್ಟಿದ್ದಕ್ಕೆ ಯಾರೂ..."

"ಓ, ನಿಂದೂ ಅದೇನಾ," ಎಂದಳು, ನಾನೂ ಅವಳ ಊರಿನವಳೇ ಎಂದು ಈಗ ಗೊತ್ತಾದ ಹಾಗೆ. ಹಾಡು ಮುಗಿದಿತ್ತು. ಹಾರ್ಮೋನಿಯಂನವರು ಏನು ಮಾಡುವುದೆಂದು ತೋಚದೆ ಮತ್ತೆ ಮೊದಲ ಚರಣ ಹಿಡಿದರು. ಅಯ್ಯನವರು ಬಟ್ಟಲು ಹಿಡಿದುಕೊಂಡು ಕಟಕಟೆಯ ಆಚೆ ನಿಂತು ನಮ್ಮನ್ನೇ ನೋಡುತ್ತಿದ್ದರು. ಜನವೂ ಒಬ್ಬೊಬ್ಬರಾಗಿ ತಿರುಗಿ ನೋಡತೊಡಗಿದರು.

"ಏಳು, ಇಬ್ರೂ ಹೋಗಣ. ಅಯ್ನೋರ ಕೈ ನೋವ್ತದೆ," ಎಂದು ಸಂತೋಷಮ್ಮ ನನ್ನ ಮಣಿಕಟ್ಟು ಹಿಡಿದು ಎಬ್ಬಿಸಿದಳು.

ಆ ನಡುಹಾದಿಯಲ್ಲಿ ನಾನು ಹೇಗೆ ನಡೆದೆನೋ. ಕಟಕಟೆಯ ಹತ್ತಿರ ಹೋದಾಗ ಮುದುಕಿ ಬೇಕೆಂದೇ ಅರ್ಧ ಹೆಜ್ಜೆ ಹಿಂದೆ ನಿಂತು ನನ್ನನ್ನು ಮೊದಲು ಮೊಣಕಾಲೂರುವಂತೆ ಮಾಡಿ, ತಾನು ಪಕ್ಕದಲ್ಲಿ ಊರಿದಳು. ಅಯ್ಯನವರು ರೊಟ್ಟಿಯ ಚೂರು ಕೊಟ್ಟು, ಬಟ್ಟಲನ್ನು ನನ್ನ ತುಟಿಗೆ ಹಿಡಿದರು. ಒಂದು ಗುಟುಕು ಇಳಿಯಿತು. ಅವರು ಅಂಚು ಒರೆಸಿ ಸಂತೋಷಮ್ಮನಿಗೆ ಹಿಡಿದರು. ನಾನು ಬಾಯಿಟ್ಟಿದ್ದಕ್ಕೆ ಇನ್ನೊಬ್ಬ ಮನುಷ್ಯಳು ಬಾಯಿಟ್ಟು ಕುಡಿಯುವ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು. ಎಷ್ಟು ವರ್ಷವಾಗಿತ್ತೋ. ದೇವರು ಎಲ್ಲೋ ಎತ್ತರದಲ್ಲಿದ್ದಾನೆ ಎಂದು ಆಗ ನನಗೆ ಅನ್ನಿಸಲಿಲ್ಲ. ಆ ಮುದುಕಿಯ ಪಕ್ಕದಲ್ಲಿ, ಎಲ್ಲರದೂ ಆದ ಮೇಲೆ ತನ್ನ ಸರದಿಗೆ ಕಾದುಕೊಂಡು, ಅವನೂ ಮೊಣಕಾಲೂರಿದ್ದಾನೆ ಎಂದೇ ಅನ್ನಿಸಿತು. ಕಣ್ಣು ಮುಚ್ಚಿದ್ದರೂ ನೀರು ನಿಲ್ಲಲಿಲ್ಲ.

ಅಷ್ಟರಲ್ಲಿ ಸೀರೆಯ ಸರಬರ ಕೇಳಿ ಕಣ್ಣು ಬಿಟ್ಟೆ. ಸಂತೋಷಮ್ಮನ ಆಚೆ ಪಕ್ಕದಲ್ಲಿ ಅಮ್ಮ ಮೊಣಕಾಲೂರುತ್ತಿದ್ದಳು.

ಅವಳು ಮೊದಲ ಬೆಂಚಿನವರ ಜೊತೆ ಎದ್ದೇ ಇರಲಿಲ್ಲ. ಅಷ್ಟು ಹೊತ್ತೂ ಅಲ್ಲೇ ಕೂತಿದ್ದಳು. ನಮ್ಮ ಮನೆಯವರು ಎಂದೂ ಈ ಮುದುಕಿ ಬಾಯಿಟ್ಟಿದ್ದಕ್ಕೆ ಬಾಯಿಟ್ಟವರಲ್ಲ. ನಾನು ಮುಟ್ಟಿದ ಲೋಟವನ್ನಂತೂ ಅಮ್ಮ ಬೂದಿ ಹಾಕಿ ಬೇರೆ ಕಲ್ಲಿನ ಮೇಲೆ ತಿಕ್ಕುವವಳು. ಅಯ್ಯನವರೂ ಒಂದು ಗಳಿಗೆ ತಡೆದರು. ಆಮೇಲೆ ರೊಟ್ಟಿ ಕೊಟ್ಟು ಬಟ್ಟಲು ಹಿಡಿದರು. ಅಮ್ಮ ಯಾವಾಗಲೂ ತುಟಿ ಸೋಕಿಸಿ ಬಿಡುವವಳು. ಅಂದು ಎರಡು ಕೈಯಲ್ಲೂ ಬಟ್ಟಲನ್ನು ಹಿಡಿದುಕೊಂಡು, ತಲೆಯನ್ನು ಹಿಂದಕ್ಕೆ ವಾಲಿಸಿ, ಗಟಗಟನೆ ಕುಡಿದಳು.

ಅಯ್ಯನವರು ಬಟ್ಟಲು ಇಸಿದುಕೊಂಡು, ಪದ್ಧತಿಯಂತೆ ಉಳಿದದ್ದನ್ನು ಮುಗಿಸಲು ತಮ್ಮ ಬಾಯಿಗೆ ಎತ್ತಿದರು. ಏನೂ ಬರಲಿಲ್ಲ. ಕೆಳಗಿಳಿಸಿ ಒಳಗೆ ನೋಡಿದರು.

"ಅಯ್ನೋರ್ಗೂ ಬಿಡ್ನಿಲ್ವಲ್ಲ ತಾಯಿ," ಎಂದಳು ಸಂತೋಷಮ್ಮ, ಮೆಲ್ಲಗೆ ಅಂದುಕೊಂಡೇ ಜೋರಾಗಿ.

ಅಮ್ಮ ಅವಳನ್ನು ದಾಟಿ ನನ್ನ ಕಡೆ ನೋಡಿದಳು.

"ನನ್ನ ಮಗಳು ಕುಡಿದಿದ್ದು," ಎಂದಳು. "ನಾನೇ ಮುಗಿಸ್ಬೇಕು."

ಅವಳ ಮೇಲ್ದುಟಿಯ ಮೇಲೆ ದ್ರಾಕ್ಷಿಯ ಕಂದು ಗೆರೆ ಉಳಿದಿತ್ತು. ಸೆರಗು ಕೈಯಲ್ಲೇ ಇತ್ತು, ಆದರೂ ಅವಳು ಅದನ್ನು ಒರೆಸಿಕೊಳ್ಳಲಿಲ್ಲ.